ಬೆನ್ನಿಗೆ ಕೈ ಹಾಕುವ ಮುನ್ನ

ಬಾ ಮಗೂ, ಕೂತ್ಕೋ. ನಿನ್ನ ಕೈಚಳಕ ನೋಡಿದ್ದೇನೆ. ಎರಡು ಮಿಲಿಮೀಟರ್ ಅಗಲದ ಆರ್ಟರಿಗೆ, ಕೂದಲಿಗಿಂತ ತೆಳು ದಾರದಲ್ಲಿ ಹೊಲಿಗೆ ಹಾಕುವಾಗ ನಿನ್ನ ಬೆರಳು ಅಲುಗುವುದಿಲ್ಲ. ಆದರೆ ಮೈಕ್ರೋಸ್ಕೋಪಿನ ಮುಂದೆ ಕೂರುವ ಆತುರದಲ್ಲಿ ರೋಗಿಯ ಪಕ್ಕ ಕೂರುವುದನ್ನೇ ಮರೀತೀಯಲ್ಲ, ಅದಕ್ಕೇ ಕರೆದೆ.

ಸ್ನಾಯು ಬೇಕೆಂದಾಗಲೆಲ್ಲ ನೀನು ಬೆನ್ನಿಗೇ ಕೈ ಹಾಕುತ್ತೀಯ. ಬೆನ್ನು ಧಾರಾಳಿ, ಒಪ್ಪಿದೆ. ಲ್ಯಾಟಿಸಿಮಸ್ ಡಾರ್ಸೈಯಷ್ಟು ಅಗಲವಾದ, ಚಪ್ಪಟೆಯಾದ ಸ್ನಾಯು ಮೈಯಲ್ಲಿ ಇನ್ನೊಂದಿಲ್ಲ. ಇಟಲಿಯ ಸರ್ಜನ್ ಟಾನ್ಸಿನಿ 1906ರಲ್ಲೇ ಅದನ್ನು ಚರ್ಮದ ಸಮೇತ ಮುಂದಕ್ಕೆ ತಿರುಗಿಸಿ, ಸ್ತನ ತೆಗೆದ ಎದೆಗೆ ಹೊದಿಸುವ ಬಗೆ ತೋರಿಸಿದ್ದ. ಬುಡ ಬಿಡಿಸಿ, ಥೊರಾಕೋಡಾರ್ಸಲ್ ರಕ್ತನಾಳಗಳ ಜೊತೆಗೇ ತೆಗೆದು, ಕಾಲಿಗೋ ತಲೆಗೋ ಒಯ್ದು ಜೋಡಿಸುವುದು ಸಾಧ್ಯವಾದದ್ದು 1970ರ ದಶಕದಲ್ಲಿ. ಬೈಕಿನಿಂದ ಬಿದ್ದು ಮೊಣಕಾಲ ಕೆಳಗೆ ಎಲುಬು ಬೆತ್ತಲಾದವರ ಕಾಲು ಎಷ್ಟೋ ಸಲ ಉಳಿಯುವುದು ಹೀಗೆ ಒಯ್ದು ಜೋಡಿಸಿದ ಈ ಫ್ಲ್ಯಾಪ್‌ನಿಂದಲೇ.

"ಒಂದು ಸ್ನಾಯು ಹೋದರೆ ಏನೂ ಆಗಲ್ಲ ಸಾರ್" ಅಂತೀಯ. ಹೆಚ್ಚಿನವರಿಗೆ ಆಗದು ನಿಜ, ಸುತ್ತಲ ಸ್ನಾಯುಗಳು ಕೆಲಸ ಹಂಚಿಕೊಳ್ಳುತ್ತವೆ. ಆದರೆ ಅದು ಅಡಿಕೆ ಮರ ಹತ್ತುವವನ ಬೆನ್ನಾದರೆ? ಕೈಯೂರಿ ಮೈಯನ್ನು ಮೇಲೆಳೆಯುವುದು ಇದೇ ಸ್ನಾಯು. ಪೋಲಿಯೋ ಆಗಿ ಊರುಗೋಲಿನಲ್ಲಿ ಓಡಾಡುವ ಹೆಂಗಸಾದರೆ? ಹೆಜ್ಜೆಹೆಜ್ಜೆಗೂ ಆಕೆಗೆ ಅದು ಬೇಕು. ಎಕ್ಸ್‌ರೇ ನೋಡುವ ಮೊದಲು "ಏನು ಕೆಲಸ ಮಾಡ್ತೀರಿ, ಯಾವ ಕೈ ಜಾಸ್ತಿ ಬಳಸ್ತೀರಿ" ಅಂತ ಕೇಳು. ಆ ಪಕ್ಕದ ಕಂಕುಳಿಗೆ ಹಿಂದೆ ಆಪರೇಷನ್, ರೇಡಿಯೇಷನ್ ಆಗಿದೆಯಾ ಅಂತಲೂ ಕೇಳು, ನಿನ್ನ ರಕ್ತನಾಳ ಬರುವುದು ಅಲ್ಲಿಂದಲೇ. ಸ್ನಾಯು ಬೇಡವೆನಿಸಿದರೆ ಹೆಗಲಮೂಳೆಯ ಮೇಲಿನ ಚರ್ಮವಿದೆ, ತೊಡೆಯ ಚರ್ಮವಿದೆ. ಚೆನ್ನಾಗಿ ಬರುತ್ತದೆ ಅಂತ ಎಲ್ಲರಿಗೂ ಅದೇ ಫ್ಲ್ಯಾಪ್ ಮಾಡಲು ಹೋಗಬೇಡ.

ಇನ್ನು, ಸ್ನಾಯು ತೆಗೆದ ಜಾಗವನ್ನು ಜೂನಿಯರ್‌ಗೆ ಹೊಲಿಯಲು ಬಿಟ್ಟು ನಡೆಯುತ್ತೀಯ. ಅಲ್ಲಿ ನೀರು ತುಂಬಿ ಸೆರೋಮಾ ಆಗುವುದು ಮಾಮೂಲು. ರೋಗಿ ಮನೆಗೆ ಹೋಗಲು ಅವಸರಪಟ್ಟ ಅಂತ ಡ್ರೈನ್ ಕೀಳಬೇಡ.

ಎಲ್ಲಕ್ಕಿಂತ ಹೆಚ್ಚು ನನ್ನ ಕಾಳಜಿ ಮೊದಲ ಎರಡು ಮೂರು ರಾತ್ರಿಗಳದ್ದು. ಫ್ಲ್ಯಾಪ್ ಕೆಡುವುದಿದ್ದರೆ ಬಹುಮಟ್ಟಿಗೆ ಆಗಲೇ. ಗಂಟೆಗೊಮ್ಮೆ ಮುಟ್ಟಿ ನೋಡಬೇಕು. ಬಿಳಚಿಕೊಂಡು ತಣ್ಣಗಾದರೆ ಆರ್ಟರಿ ಕಟ್ಟಿದೆ, ಅದು ಯಾರಿಗೂ ತಿಳಿಯುತ್ತೆ. ಮೋಸ ಮಾಡುವುದು ವೇನ್. ಅದು ಕಟ್ಟಿದಾಗ ಬೆರಳಲ್ಲಿ ಒತ್ತಿ ಬಿಟ್ಟರೆ ಬಣ್ಣ ಥಟ್ಟನೆ ಮರಳುತ್ತದೆ, "ಆಹಾ, ಒಳ್ಳೇ ರಕ್ತ ಓಡ್ತಿದೆ" ಅಂತ ನೀನು ಹಿಗ್ಗುತ್ತೀಯ. ಅಲ್ಲಪ್ಪಾ! ಗದ್ದೆಗೆ ನೀರು ನುಗ್ಗುತ್ತಲೇ ಇದ್ದು ಬಸಿಗಾಲುವೆ ಕಟ್ಟಿಕೊಂಡ ಹಾಗೆ ಅದು. ಒಳಗೇ ರಕ್ತ ನಿಂತು ಮಾಂಸ ಬಿಗಿಯುತ್ತಿದೆ. ಸೂಜಿ ಚುಚ್ಚು, ಕಪ್ಪು ರಕ್ತ ಬಂದರೆ ಅಲ್ಲಿಗೆ ಗೊತ್ತಾಯಿತು.

ರಾತ್ರಿ ಮೂರಕ್ಕೆ ಸಿಸ್ಟರ್ ಫೋನ್ ಮಾಡಿ "ಡಾಕ್ಟ್ರೇ, ಬಣ್ಣ ಯಾಕೋ ಸರಿ ಕಾಣ್ತಿಲ್ಲ" ಅಂದರೆ ಫೋಟೋ ಕಳಿಸಿ ಅನ್ನಬೇಡ. ದಿನವಿಡೀ ರೋಗಿಯ ಪಕ್ಕ ಇದ್ದವರ ಕಣ್ಣು ಅದು, ನಂಬು. ಎದ್ದು ಹೋಗು, ಒ.ಟಿ. ತೆರೆಸು. ಆಗಲೇ ಬಿಚ್ಚಿ ಹೆಪ್ಪುಗಟ್ಟಿದ ರಕ್ತ ತೆಗೆದರೆ ಉಳಿಯುವ ಫ್ಲ್ಯಾಪ್, ಬೆಳಗಿನ ರೌಂಡ್ಸ್‌ವರೆಗೆ ಕಾಯುವುದಿಲ್ಲ.