ನೇತ್ರಾಣಿಯ ಖರ್ಚು ದಡದ ಮೇಲೆ

ಮುರುಡೇಶ್ವರದ ಕರಾವಳಿಯಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ, ಅರಬ್ಬಿ ಸಮುದ್ರದೊಳಗಿರುವ ನೇತ್ರಾಣಿ ದ್ವೀಪ ಕರ್ನಾಟಕದಲ್ಲಿ ಸ್ಕೂಬಾ ಡೈವಿಂಗ್‌ಗೆ ಹೆಸರಾದ ಜಾಗ. ಅದರ ಸುತ್ತಲಿನ ನೀರಿನಲ್ಲಿ ಹವಳವಿದೆ, ಬಣ್ಣಬಣ್ಣದ ಮೀನುಗಳಿವೆ. ಈಜು ಬಾರದವರನ್ನೂ ತರಬೇತುದಾರರು ಪಕ್ಕದಲ್ಲೇ ಇದ್ದು ಕೆಳಗಿಳಿಸುತ್ತಾರೆ. ಹೊಸಬರಿಗೆ ಮಾಡಿಸುವ ಈ ಮೊದಲ ಡೈವ್‌ಗೆ ಒಬ್ಬರಿಗೆ ಐದಾರು ಸಾವಿರ ರೂಪಾಯಿ ಬೀಳುತ್ತದೆ, ನೀರೊಳಗೆ ಇರುವುದು ಹೆಚ್ಚೆಂದರೆ ಅರ್ಧ ಗಂಟೆ. ಬಯಲುಸೀಮೆಯ ಹುಣಸಗಿಯಿಂದ ಹೊರಟ ಕುಟುಂಬಕ್ಕೆ ಆ ಅರ್ಧ ಗಂಟೆಯ ಹಿಂದೆ ಮುಂದೆ ನಾಲ್ಕೈದು ದಿನ ನೆಲದ ಮೇಲೆಯೇ ಹೋಗುತ್ತವೆ, ಖರ್ಚಿನ ದೊಡ್ಡ ಪಾಲು ಕೂಡ ಅಲ್ಲೇ ಆಗುತ್ತದೆ. ಯಾವ ಜಾಗವನ್ನು ಡೈವ್‌ಗೆ ಮೊದಲು ನೋಡಬೇಕು, ಯಾವುದನ್ನು ಆಮೇಲೆ ನೋಡಬೇಕು ಎಂಬುದು ತಿಳಿದರೆ ಹಣವೂ ಉಳಿಯುತ್ತದೆ, ಮೈಗೂ ಅಪಾಯವಿಲ್ಲ.

ಮಳೆಗಾಲದಲ್ಲಿ ನೇತ್ರಾಣಿಗೆ ದೋಣಿ ಹೋಗುವುದಿಲ್ಲ. ಅಕ್ಟೋಬರ್‌ನಿಂದ ಮೇ ತಿಂಗಳವರೆಗೆ ಡೈವಿಂಗ್ ನಡೆಯುತ್ತದೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಹುಣಸಗಿ ಸೀಮೆಯ ಮನೆಗಳಿಗೆ ಇದು ಹೊಂದುವ ಕಾಲವೇ. ಮುಂಗಾರು ಭತ್ತ ಒಕ್ಕಿ ಮಾರಿದ ಮೇಲೆ ಕೈಯಲ್ಲಿ ರೊಕ್ಕ ಓಡಾಡುವುದು ಡಿಸೆಂಬರ್ ಜನವರಿಯಲ್ಲಿ. ಆದರೆ ಡಿಸೆಂಬರ್ ಕೊನೆಯ ವಾರವನ್ನು ಬಿಟ್ಟುಬಿಡುವುದು ಒಳ್ಳೆಯದು. ಶಾಲಾ ಪ್ರವಾಸದ ಬಸ್ಸುಗಳು, ಶಬರಿಮಲೆಗೆ ಹೋಗಿಬರುವ ಮಾಲಾಧಾರಿಗಳು, ಹೊಸ ವರ್ಷಕ್ಕೆ ಬರುವವರು ಎಲ್ಲರೂ ಆಗಲೇ ಮುರುಡೇಶ್ವರದಲ್ಲಿ ಸೇರುತ್ತಾರೆ. ಲಾಡ್ಜಿನ ಬಾಡಿಗೆ ದುಪ್ಪಟ್ಟಾದರೂ ಆಶ್ಚರ್ಯವಿಲ್ಲ. ಸಂಕ್ರಾಂತಿ ಕಳೆದು ಶಿವರಾತ್ರಿಗೆ ಇನ್ನೂ ಹೊತ್ತಿರುವಾಗ, ವಾರದ ನಡುವಿನ ದಿನ ಹೋದರೆ ಅದೇ ಕೋಣೆ ಸಾಧಾರಣ ದರಕ್ಕೆ ಸಿಗುತ್ತದೆ.

ಮನೆ ಬಿಡುವ ಮೊದಲೇ ಮುಗಿಸಬೇಕಾದ ಕೆಲಸ ಎರಡಿವೆ. ಒಂದು ವೈದ್ಯರದು. ಡೈವಿಂಗ್ ಕೇಂದ್ರದಲ್ಲಿ ಆರೋಗ್ಯದ ಪ್ರಶ್ನಾವಳಿ ತುಂಬಿಸುತ್ತಾರೆ. ಉಬ್ಬಸ, ಹೃದಯದ ತೊಂದರೆ, ಕಿವಿಯ ಶಸ್ತ್ರಚಿಕಿತ್ಸೆ, ಮೂರ್ಛೆ ರೋಗ, ಗರ್ಭ, ಇವುಗಳಲ್ಲಿ ಯಾವುದಕ್ಕಾದರೂ ‘ಹೌದು’ ಎಂದು ಬರೆದರೆ ವೈದ್ಯರ ಚೀಟಿ ಕೇಳಬಹುದು, ಇಳಿಸುವುದೇ ಇಲ್ಲ ಎನ್ನಲೂಬಹುದು. ನೆಗಡಿಯಿಂದ ಕಿವಿ ಕಟ್ಟಿದ್ದರೂ ಆ ದಿನ ನೀರಿಗಿಳಿಯುವ ಹಾಗಿಲ್ಲ. ಊರಲ್ಲೇ ಕಿವಿ ಮೂಗು ಗಂಟಲಿನ ವೈದ್ಯರಿಗೆ ತೋರಿಸಲು ತಗಲುವ ಕೆಲವು ನೂರು ರೂಪಾಯಿ, ದೋಣಿಯ ಹತ್ತಿರ ನಿಂತು ಕಳೆದುಕೊಳ್ಳುವ ಮುಂಗಡಕ್ಕಿಂತ ಕಡಿಮೆ. ಮಕ್ಕಳಿಗೆ ಸಾಮಾನ್ಯವಾಗಿ ಹತ್ತು ವರ್ಷ ತುಂಬಿರಬೇಕು.

ಎರಡನೆಯದು ವಿಮೆ. ಸ್ಕೂಬಾ ಡೈವಿಂಗ್‌ಗೆ ಆರೋಗ್ಯ ವಿಮೆ ಅನ್ವಯಿಸುವುದೇ ಇಲ್ಲ ಎಂಬ ಮಾತು ಚಾಲ್ತಿಯಲ್ಲಿದೆ, ಅದು ಅರ್ಧ ಸರಿ. ವಿಮಾ ನಿಯಂತ್ರಣ ಪ್ರಾಧಿಕಾರ ಆರೋಗ್ಯ ಪಾಲಿಸಿಗಳಿಗೆ ರೂಪಿಸಿರುವ ಪ್ರಮಾಣಿತ ಷರತ್ತಿನಲ್ಲಿ ಸ್ಕೂಬಾ ಡೈವಿಂಗ್ ಹೆಸರು ಇದೆ ನಿಜ. ಆದರೆ ಆ ಷರತ್ತು ಹೊರಗಿಡುವುದು ವೃತ್ತಿಪರರಾಗಿ ಇಂಥ ಸಾಹಸ ಕ್ರೀಡೆಯಲ್ಲಿ ತೊಡಗಿದವರನ್ನು. ರಜೆಯಲ್ಲಿ ಒಮ್ಮೆ ಮುಳುಗಿ ಏಳುವವರು ಅದರೊಳಗೆ ಬರುವುದಿಲ್ಲ. ಅಪಘಾತ ವಿಮೆ ಮತ್ತು ಪ್ರವಾಸ ವಿಮೆಗಳ ಮಾತು ಬೇರೆ, ಅವುಗಳ ಷರತ್ತು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ, ಓದಿಯೇ ನೋಡಬೇಕು. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯನ್ನು ನೆಚ್ಚಿಕೊಂಡು ಹೋಗುವವರೂ ಇದ್ದಾರೆ. ಅದು ಅಪಘಾತದ ಸಾವಿಗೆ ಮತ್ತು ಅಂಗವೈಕಲ್ಯಕ್ಕೆ ಕೊಡುವ ಹಣ, ಆಸ್ಪತ್ರೆಯ ಬಿಲ್ಲು ಕಟ್ಟುವುದಿಲ್ಲ.

ಇನ್ನು ದಾರಿ. ಹುಣಸಗಿಯಿಂದ ತಾಳಿಕೋಟೆಯ ಮೇಲೆ ಹಾಯ್ದು ಹುಬ್ಬಳ್ಳಿ, ಅಲ್ಲಿಂದ ಘಟ್ಟ ಇಳಿದು ಮುರುಡೇಶ್ವರ: ಸುಮಾರು 400 ಕಿಲೋಮೀಟರ್. ಹುಬ್ಬಳ್ಳಿಯಿಂದ ಅಂಕೋಲೆಗೆ ರೈಲು ಹಾಕುವ ಮಾತು ಕೇಳಿಬರುತ್ತಲೇ ಇದೆ, ಹಳಿ ಮಾತ್ರ ಬಂದಿಲ್ಲ. ಹಾಗಾಗಿ ಬಸ್ಸೇ ಗತಿ. ಆದರೆ ಬಸ್ಸಿನ ಲೆಕ್ಕ 2023ರ ಜೂನ್ 11ರಿಂದ ಬದಲಾಗಿದೆ. ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಟಿಕೆಟ್ ಶೂನ್ಯ. ರಾಜಹಂಸ, ಸ್ಲೀಪರ್, ಎಸಿ ಬಸ್ಸುಗಳಿಗೆ ಈ ಸೌಲಭ್ಯವಿಲ್ಲ. ಈ ಅಂಕಣ ಬರೆಯುವವರ ಮನೆಯಲ್ಲಿ ಪ್ರಯಾಣದ ಖರ್ಚು ಅರ್ಧಕ್ಕೆ ಇಳಿದದ್ದು ಹಗಲು ಬಸ್ಸು ಹಿಡಿದದ್ದರಿಂದಲೇ. ಯಾವ ಜಾಗವನ್ನು ಮೊದಲು ನೋಡಬೇಕು ಎಂಬುದಕ್ಕೂ ಈ ಹಗಲು ಬಸ್ಸಿಗೂ ಹತ್ತಿರದ ನಂಟಿದೆ, ಅದಕ್ಕೆ ಮೊದಲು ಸಾರಜನಕದ ವಿಷಯ ಹೇಳಬೇಕು.

ಹತ್ತು ಮೀಟರ್ ಆಳಕ್ಕೆ ಇಳಿದಾಗ ಮೈಮೇಲಿನ ಒತ್ತಡ ದಡದಲ್ಲಿದ್ದುದರ ಎರಡರಷ್ಟಾಗುತ್ತದೆ. ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ರಕ್ತದಲ್ಲಿ, ಮಾಂಸದಲ್ಲಿ ಹೆಚ್ಚಾಗಿ ಕರಗುತ್ತದೆ. ಮೇಲೆ ಬಂದ ಮೇಲೆ ಅದು ಗಂಟೆಗಟ್ಟಲೆ ನಿಧಾನವಾಗಿ ಹೊರಹೋಗುತ್ತದೆ. ಅಷ್ಟರೊಳಗೆ ಎತ್ತರದ ಜಾಗಕ್ಕೆ ಹೋದರೆ ಸುತ್ತಲಿನ ಗಾಳಿಯ ಒತ್ತಡ ಇನ್ನೂ ಕಡಿಮೆಯಾಗಿ, ಉಳಿದ ಸಾರಜನಕ ಗುಳ್ಳೆ ಕಟ್ಟಬಹುದು. ಕೀಲುನೋವು, ತಲೆಸುತ್ತು, ಜೋಮು ಅದರ ಲಕ್ಷಣ, ಕೆಲವೊಮ್ಮೆ ಪಾರ್ಶ್ವವಾಯು. ವಿಮಾನ ಹತ್ತಬಾರದು ಎಂಬ ನಿಯಮ ಹೆಚ್ಚಿನವರಿಗೆ ಗೊತ್ತು. ಘಟ್ಟದ ರಸ್ತೆಗೂ ಅದೇ ನಿಯಮ ಅನ್ವಯಿಸುತ್ತದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಡೈವರ್ಸ್ ಅಲರ್ಟ್ ನೆಟ್‌ವರ್ಕ್ 2002ರಲ್ಲಿ ನಡೆಸಿದ ಕಾರ್ಯಾಗಾರದಿಂದ ಹೊರಟ ಸಲಹೆಯ ಪ್ರಕಾರ, ಒಂದೇ ಸಾಧಾರಣ ಡೈವ್ ಮಾಡಿದ್ದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚು ಮಾಡಿದ್ದರೆ 18 ಗಂಟೆ ಕಾಯಬೇಕು. ಆ ಸಲಹೆಯ ವ್ಯಾಪ್ತಿ 2,000 ಅಡಿ, ಅಂದರೆ 610 ಮೀಟರಿನಿಂದ ಮೇಲಕ್ಕೆ.

ಹುಬ್ಬಳ್ಳಿ ಇರುವುದೇ 600 ಮೀಟರಿಗಿಂತ ಮೇಲೆ. ಯಲ್ಲಾಪುರ, ಶಿರಸಿಗಳು ಅದಕ್ಕೆ ತುಸು ಕೆಳಗೆ. ಹುಣಸಗಿಯ ಮಗ್ಗುಲಿನ ನಾರಾಯಣಪುರದ ಬಸವಸಾಗರ ಜಲಾಶಯದ ಪೂರ್ಣಮಟ್ಟವೇ ಸಮುದ್ರಮಟ್ಟದಿಂದ 492.25 ಮೀಟರ್. ಬಯಲುಸೀಮೆಯವರಿಗೆ ತಮ್ಮ ನೆಲ ಸಪಾಟು ಎನಿಸುತ್ತದೆ, ಡೈವಿಂಗ್ ಪುಸ್ತಕಗಳ ದೃಷ್ಟಿಯಲ್ಲಿ 300 ಮೀಟರ್ ದಾಟಿದ್ದೆಲ್ಲ ಎತ್ತರವೇ. ಮಂಗಳೂರಿನಿಂದಲೋ ಉಡುಪಿಯಿಂದಲೋ ಬಂದವರು ಡೈವ್ ಮುಗಿಸಿ ಸಂಜೆಗೆ ಮನೆ ಸೇರಬಹುದು. ಹುಣಸಗಿಯವರಿಗೆ ಆ ಅನುಕೂಲವಿಲ್ಲ. ಹತ್ತಾರು ಮೀಟರ್ ಆಳದ ಒಂದು ಸಣ್ಣ ಡೈವ್‌ನಿಂದ ಅಪಾಯ ತೀರಾ ಕಡಿಮೆ, ಅದೂ ನಿಜ. ಆದರೂ ಒಂದು ರಾತ್ರಿಯ ಬಾಡಿಗೆ ಉಳಿಸಲು ಹೂಡುವಂಥ ಜೂಜು ಅಲ್ಲ.

ಇದರಿಂದ ನೆಲದ ಜಾಗಗಳು ತಾವಾಗಿಯೇ ಎರಡು ಪಾಲಾಗುತ್ತವೆ. ಎತ್ತರದವು ಮೊದಲು, ಸಮುದ್ರಮಟ್ಟದವು ಆಮೇಲೆ. ಹುಬ್ಬಳ್ಳಿಯಿಂದ ನೇರ ಅಂಕೋಲೆಗೆ ಇಳಿಯದೆ ಶಿರಸಿಗೆ ಹೋಗಿ ರಾತ್ರಿ ತಂಗುವುದು ಒಂದು ಕ್ರಮ. ಬೆಳಿಗ್ಗೆ ಹೊತ್ತಿದ್ದರೆ ಕದಂಬರ ರಾಜಧಾನಿಯಾಗಿದ್ದ ಬನವಾಸಿಯ ಮಧುಕೇಶ್ವರನ ಗುಡಿ, ಇಲ್ಲವಾದರೆ ನೇರ ಸಿದ್ದಾಪುರದ ಮೇಲೆ ಜೋಗ. ಶರಾವತಿ ಅಲ್ಲಿ 253 ಮೀಟರ್ ಕೆಳಕ್ಕೆ ಬೀಳುತ್ತದೆ. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ ಜನವರಿಯ ಜೋಗ ಆಷಾಢದ ಜೋಗವಲ್ಲ. ನೀರು ತೆಳುವಾಗಿರುತ್ತದೆ, ಬಂಡೆಯ ಮೈ ಕಾಣುತ್ತದೆ. ನೀರೂ ಬೇಕು, ಡೈವಿಂಗೂ ಬೇಕು ಎನ್ನುವವರು ಅಕ್ಟೋಬರ್‌ನಲ್ಲಿ ಹೋಗಬೇಕು, ಆದರೆ ಭತ್ತ ಇನ್ನೂ ಗದ್ದೆಯಲ್ಲೇ ಇರುತ್ತದೆ. ಜೋಗದಿಂದ ಗೇರುಸೊಪ್ಪೆಯ ಘಟ್ಟ ಇಳಿದರೆ ಹೊನ್ನಾವರ, ಸಂಜೆಗೆ ಮುರುಡೇಶ್ವರ. 1,343 ಮೀಟರ್ ಎತ್ತರದ ಕೊಡಚಾದ್ರಿ ಹತ್ತುವ ಆಸೆಯಿದ್ದರೆ ಅದೂ ಈ ಮೊದಲ ಪಾಲಿಗೇ ಸೇರಬೇಕು. ಡೈವ್ ಮುಗಿಸಿ ಅತ್ತ ಹೊರಡುವ ತಂಡಗಳು ಸರದಿಯನ್ನು ತಲೆಕೆಳಗು ಮಾಡಿಕೊಂಡಿರುತ್ತವೆ.

ದೋಣಿ ಬೆಳಿಗ್ಗೆಯೇ ಬಿಡುವುದರಿಂದ ಹಿಂದಿನ ರಾತ್ರಿ ಮುರುಡೇಶ್ವರದಲ್ಲಿ ಇರಲೇಬೇಕು. ಆ ರಾತ್ರಿ ನಿದ್ದೆ ಬೇಕು, ಮದ್ಯ ಬೇಡ, ಬೆಳಿಗ್ಗೆ ಹಗುರವಾದ ತಿಂಡಿ ಸಾಕು. ದ್ವೀಪ ಮುಟ್ಟಲು ಒಂದರಿಂದ ಒಂದೂವರೆ ಗಂಟೆ ಹಿಡಿಯುತ್ತದೆ, ಅಷ್ಟು ಹೊತ್ತು ದೋಣಿಯ ಓಲಾಟಕ್ಕೆ ಅಭ್ಯಾಸವಿಲ್ಲದ ಹೊಟ್ಟೆ ತಡೆಯುವುದಿಲ್ಲ. ಮುಂಗಡ ಕಟ್ಟುವಾಗ ಕೇಳಿಟ್ಟುಕೊಳ್ಳಬೇಕಾದ್ದು ಒಂದೇ ಮಾತು: ಗಾಳಿ ಎದ್ದು ದೋಣಿ ಹೋಗದಿದ್ದರೆ ಹಣ ಮರಳುತ್ತದೆಯೋ, ಬೇರೆ ದಿನ ಕೊಡುತ್ತಾರೋ? ಉತ್ತರ ಬರಹದಲ್ಲಿದ್ದರೆ ಒಳ್ಳೆಯದು, ವಾಟ್ಸ್‌ಆ್ಯಪ್ ಸಂದೇಶವಾದರೂ ಸಾಕು. ಪ್ರವಾಸದ ಕೊನೆಯ ದಿನಕ್ಕೆ ಡೈವ್ ಇಟ್ಟುಕೊಂಡವರಿಗೆ ‘ಬೇರೆ ದಿನ’ ಎಂಬುದು ಸಿಗುವುದೇ ಇಲ್ಲ.

ಡೈವ್ ಸಾಮಾನ್ಯವಾಗಿ ಮಧ್ಯಾಹ್ನದೊಳಗೆ ಮುಗಿಯುತ್ತದೆ. ಹನ್ನೆರಡು ಗಂಟೆ ಕಾಯುವುದೆಂದರೆ ನಡುರಾತ್ರಿಯವರೆಗೆ, ಹದಿನೆಂಟು ಗಂಟೆಯೆಂದರೆ ಮರುದಿನದ ಬೆಳಗಿನವರೆಗೆ. ಎರಡಕ್ಕೂ ಒಂದೇ ರಾತ್ರಿಯ ಬಾಡಿಗೆ ಸಾಕು. ಅದನ್ನೂ ಉಳಿಸೋಣವೆಂದು ಸಂಜೆಯೇ ಸ್ಲೀಪರ್ ಬಸ್ಸು ಹತ್ತುವವರು ರಾತ್ರಿ ಊಟದ ಹೊತ್ತಿಗೆ ಘಟ್ಟದ ಮೇಲಿರುತ್ತಾರೆ. ಉಳಿತಾಯವಾದರೂ ಆಗುತ್ತದೆಯೇ? ನಾಲ್ವರ ಕುಟುಂಬ, ಅದರಲ್ಲಿ ಇಬ್ಬರು ಹೆಣ್ಣುಮಕ್ಕಳು ಎಂದಿಟ್ಟುಕೊಂಡರೆ, ಸ್ಲೀಪರ್‌ನಲ್ಲಿ ನಾಲ್ವರಿಗೂ ಆರೇಳು ನೂರರಂತೆ ಎರಡೂವರೆ ಸಾವಿರ ದಾಟುತ್ತದೆ. ಮರುದಿನ ಹಗಲು ಎಕ್ಸ್‌ಪ್ರೆಸ್‌ನಲ್ಲಿ ಇಬ್ಬರಿಗಷ್ಟೇ ಟಿಕೆಟ್. ಆ ಅಂತರದಲ್ಲಿ ಕೋಣೆಯ ಬಾಡಿಗೆ ಹೆಚ್ಚುಕಡಿಮೆ ಹೊರಟುಬಿಡುತ್ತದೆ.

ಡೈವ್ ನಂತರದ ಮಧ್ಯಾಹ್ನ ಮೈ ದಣಿದಿರುತ್ತದೆ. ನೀರು ಚೆನ್ನಾಗಿ ಕುಡಿದು, ಬಿಸಿನೀರಿನ ದೀರ್ಘ ಸ್ನಾನ, ಗಟ್ಟಿ ಮಸಾಜು, ಬೆಟ್ಟ ಹತ್ತುವುದು ಇವನ್ನು ಬಿಟ್ಟು ನಿಧಾನವಾಗಿ ಸುತ್ತಾಡಬೇಕು. ಮಸಾಜಿನ ನೋವು ಯಾವುದು, ಗುಳ್ಳೆಯ ನೋವು ಯಾವುದು ಎಂದು ಆಮೇಲೆ ಬೇರ್ಪಡಿಸಲಾಗದು. ಮುರುಡೇಶ್ವರದ ಕಂದುಕಗಿರಿಯ ಮೇಲೆ 123 ಅಡಿಯ ಶಿವನ ಮೂರ್ತಿ, ಅದರೆದುರು 20 ಅಂತಸ್ತಿನ ರಾಜಗೋಪುರವಿದೆ. ಗೋಪುರದ ಲಿಫ್ಟು ಹತ್ತಬಹುದೇ ಎಂದು ಕೇಳುವವರುಂಟು. ಧಾರಾಳವಾಗಿ ಹತ್ತಬಹುದು, ಆ ಎತ್ತರ ಲೆಕ್ಕಕ್ಕಿಲ್ಲ. ಕೆರೆಯಲ್ಲಿ ಈಜಿದ ಧೈರ್ಯದಲ್ಲಿ ಕಡಲಿಗೆ ಇಳಿಯುವುದು ಮಾತ್ರ ಬೇಡ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದ ಮುಳಬಾಗಿಲು ಕಡೆಯ ನಾಲ್ವರು ವಿದ್ಯಾರ್ಥಿನಿಯರು ಇದೇ ದಡದಲ್ಲಿ ನೀರುಪಾಲಾದರು. ಮೈ ತೋಯಿಸಲೇಬೇಕೆಂದರೆ ಹೊನ್ನಾವರದ ಹತ್ತಿರದ ಕಾಸರಕೋಡು ವಾಸಿ. 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಈ ಕಡಲತೀರದಲ್ಲಿ ಜೀವರಕ್ಷಕರು ಇರುತ್ತಾರೆ.

ಸಮುದ್ರಮಟ್ಟದ ಜಾಗಗಳಲ್ಲಿ ಬಹುಪಾಲಿಗೆ ಪ್ರವೇಶಶುಲ್ಕವೇ ಇಲ್ಲ. ದಕ್ಷಿಣಕ್ಕೆ ಭಟ್ಕಳದಲ್ಲಿ ಜತ್ತಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ ಮತ್ತು ಕೇತಪೈ ನಾರಾಯಣ ದೇವಾಲಯವಿವೆ. ಹೊರಗೋಡೆಯ ಕೆತ್ತನೆ ನೋಡುವ ತಾಳ್ಮೆ ಇದ್ದವರಿಗೆ ಅರ್ಧ ದಿನ ಸಾಲದು. ಉತ್ತರಕ್ಕೆ ಇಡಗುಂಜಿಯ ಗಣಪತಿ, ಶರಾವತಿ ಕಡಲು ಸೇರುವಲ್ಲಿ ಕಾಂಡ್ಲಾ ಗಿಡಗಳ ನಡುವೆ ಹಾಕಿದ ಮರದ ಕಾಲುದಾರಿ. ಹೊನ್ನಾವರ ತಾಲ್ಲೂಕು ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ನೆಲ. ಯಕ್ಷಗಾನದ ತಿರುಗಾಟ ಡೈವಿಂಗ್ ಕಾಲದಲ್ಲೇ ಬೀಳುತ್ತದೆ, ಹತ್ತಿರದಲ್ಲಿ ಆಟವಿದೆಯೇ ಎಂದು ಹೋಟೆಲಿನವರನ್ನು ಕೇಳಿದರೆ ತಿಳಿಯುತ್ತದೆ. ನಿದ್ದೆಗೆಡುವ ಈ ಕೆಲಸವೂ ಡೈವ್‌ನ ಹಿಂದಿನ ರಾತ್ರಿಗಲ್ಲ, ನಂತರದ ರಾತ್ರಿಗೆ.

ಇನ್ನೊಂದು ದಿನ ಕೈಯಲ್ಲಿದ್ದರೆ ಕುಮಟಾ ದಾಟಿ ಗೋಕರ್ಣದಲ್ಲಿ ತಂಗಬಹುದು. ದಾರಿಯಲ್ಲಿ ಸಿಗುವ ಮಿರ್ಜಾನ್ ಕೋಟೆ ಮುರಕಲ್ಲಿನದು, ಕಾಳುಮೆಣಸಿನ ವ್ಯಾಪಾರಕ್ಕೆ ಹೆಸರಾದ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ನೆನಪಿಗೆ ತಳುಕು ಹಾಕಿಕೊಂಡದ್ದು. ಗೋಕರ್ಣದ ಮಗ್ಗುಲಿನ ಸಾಣಿಕಟ್ಟೆಯಲ್ಲಿ ಗದ್ದೆಗೆ ಸಮುದ್ರದ ನೀರು ಹಾಯಿಸಿ, ಬಿಸಿಲಿಗೆ ಆರಿಸಿ ಉಪ್ಪು ತೆಗೆಯುತ್ತಾರೆ. ಕಾಲುವೆ ನೀರು ಹಾಯಿಸಿ ಉಣ್ಣುವ ಸೀಮೆಯಿಂದ ಬಂದವರು ಅಲ್ಲಿ ಬಹಳ ಹೊತ್ತು ನಿಂತುಬಿಡುತ್ತಾರೆ.

ಮಾದರಿ ಲೆಕ್ಕ ಹೀಗೆ. ನಾಲ್ವರಲ್ಲಿ ಇಬ್ಬರು ಡೈವ್ ಮಾಡಿದರೆ 12,000 ರೂಪಾಯಿ. ಶಿರಸಿ ಒಂದು, ಮುರುಡೇಶ್ವರ ಎರಡು, ಗೋಕರ್ಣ ಒಂದು, ಒಟ್ಟು ನಾಲ್ಕು ರಾತ್ರಿಗೆ ಒಂದು ಕೋಣೆ 1,500ರಂತೆ 6,000. ಐದು ದಿನದ ಊಟ ತಿಂಡಿಗೆ ತಲೆಗೆ ದಿನಕ್ಕೆ 400ರಂತೆ 8,000. ಇಬ್ಬರು ಗಂಡಸರ ಹೋಗಿಬರುವ ಬಸ್ ಖರ್ಚು ಸುಮಾರು 2,400. ಆಟೊ, ದೋಣಿ, ಟಿಕೆಟ್ಟು, ಎಳನೀರು ಸೇರಿ 2,000. ಒಟ್ಟು 30,400. ಇದರಲ್ಲಿ ಡೈವ್‌ನ ಪಾಲು ಶೇಕಡ 40ರ ಹತ್ತಿರ, ಉಳಿದದ್ದೆಲ್ಲ ನೆಲದ್ದು. ‘ನೀರಾಗ ಮುಳುಗಾಕ ರೊಕ್ಕ ಕೊಡಬೇಕೇನ್ರಿ?’ ಎಂದು ಕೇಳುವ ಹಿರಿಯರಿಗೆ ಈ ಪಟ್ಟಿ ತೋರಿಸಿದರೆ ಅವರ ಬೆರಳು ಹೋಗುವುದು ಊಟದ ಸಾಲಿಗೆ. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋದರೆ ಮೊದಲ ಎರಡು ದಿನದ ಖರ್ಚು ಅಲ್ಲಿ ಇಳಿಯುತ್ತದೆ ಎಂಬುದು ಅವರ ಸಲಹೆ, ಸರಿಯಾದದ್ದೇ. ತಿಂಗಳಿಗೆ 2,500ರಂತೆ ವರ್ಷದ ಆರ್‌ಡಿ ಕಟ್ಟಿದರೆ ಬಡ್ಡಿ ಸೇರಿ ಈ ಮೊತ್ತ ಕೈಗೆ ಬರುತ್ತದೆ. ಭತ್ತದ ರೊಕ್ಕ ಮುಂದಿನ ಬಿತ್ತನೆಗೆ, ಗೊಬ್ಬರಕ್ಕೆ ಉಳಿಯುತ್ತದೆ.

ಗೋಕರ್ಣದಿಂದ ಹೊರಡುವ ಬೆಳಿಗ್ಗೆ ಅಂಕೋಲೆಯ ಮೇಲೆ ಅರಬೈಲು ಘಟ್ಟ ಹತ್ತುವಾಗ ಡೈವ್ ಮುಗಿದು ಒಂದೂವರೆ ದಿನವೇ ಕಳೆದಿರುತ್ತದೆ. ಹೆಣ್ಣುಮಕ್ಕಳ ಆಧಾರ್ ಕಾರ್ಡು ಕೈಚೀಲದಲ್ಲಿ ಮೇಲೆಯೇ ಇರಲಿ. ಅಂಕೋಲೆಯಲ್ಲೊಮ್ಮೆ, ಹುಬ್ಬಳ್ಳಿಯಲ್ಲೊಮ್ಮೆ ಬಸ್ಸು ಬದಲಾಗುತ್ತದೆ, ಪ್ರತಿ ಬಸ್ಸಿನ ಕಂಡಕ್ಟರೂ ಕೇಳುತ್ತಾರೆ.