ಒಂದು ಸಂವೇದಕ, ಹಲವು ಕೆಲಸ

ಹೊಳಲಿನಿಂದ ಹೂವಿನಹಡಗಲಿಯತ್ತ ಹೊರಟ ಕಾರಿಗೆ ಎತ್ತೊಂದು ಥಟ್ಟನೆ ಅಡ್ಡ ಬಂದಿತೆನ್ನಿ. ಚಾಲಕನು ಬ್ರೇಕನ್ನು ಬಲವಾಗಿ ಒತ್ತುತ್ತಾನೆ. ಚಕ್ರಗಳು ಉರುಳುವುದನ್ನು ಬಿಟ್ಟು ಜಾರತೊಡಗಿದರೆ, ಸ್ಟಿಯರಿಂಗ್ ತಿರುಗಿಸಿದರೂ ಕಾರು ತಿರುಗದು. ಆ ಗಳಿಗೆಯಲ್ಲಿ ಪ್ರಾಣ ಕಾಯಲು ನೆರವಾಗುವುದು ಚಕ್ರದ ಬಳಿ ಅಡಗಿರುವ ಒಂದು ಪುಟ್ಟ ಸಾಧನ. ಅದೇ ಸಂವೇದಕ.

ಬಿಸಿ, ಬೆಳಕು, ವೇಗ, ಒತ್ತಡ ಮೊದಲಾದವನ್ನು ಅರಿತು ವಿದ್ಯುತ್ ಸಂಕೇತದ ಮೂಲಕ ತಿಳಿಸುವುದು ಸಂವೇದಕದ ಕೆಲಸ. ಚಕ್ರದೊಡನೆ ತಿರುಗುವ ಹಲ್ಲಿನ ಉಂಗುರದ ಎದುರು, ಅದಕ್ಕೆ ತೀರ ಸಮೀಪದಲ್ಲಿ, ಇದನ್ನು ಕೂರಿಸುವುದುಂಟು. ಹಲ್ಲುಗಳು ಹಾದುಹೋದಂತೆಲ್ಲ ಸಂಕೇತ ಹುಟ್ಟುತ್ತದೆ; ಅದರಿಂದ ಚಕ್ರದ ವೇಗ ತಿಳಿಯುತ್ತದೆ. ಚಕ್ರವು ನಿಂತುಬಿಡುವ ಸೂಚನೆ ದೊರೆತೊಡನೆ ಎ.ಬಿ.ಎಸ್. ಎಂಬ ವ್ಯವಸ್ಥೆಯು ಬ್ರೇಕನ್ನು ಕ್ಷಣಮಾತ್ರ ಸಡಿಲಿಸಿ ಮತ್ತೆ ಬಿಗಿಯುತ್ತದೆ. ಭಾರತದಲ್ಲಿ 2019ರ ಏಪ್ರಿಲ್‌ನಿಂದ 125 ಸಿ.ಸಿ.ಗೆ ಮೀರಿದ ಹೊಸ ದ್ವಿಚಕ್ರ ವಾಹನಗಳಿಗೂ ಇದನ್ನು ಕಡ್ಡಾಯಗೊಳಿಸಲಾಯಿತು.

ಅದೇ ಸಂಕೇತವನ್ನು ವೇಗ ತೋರಿಸುವ ಮುಳ್ಳಿಗೂ, ತಿರುವಿನಲ್ಲಿ ಕಾರು ಅಡ್ಡಜಾರದಂತೆ ತಡೆಯುವ ವ್ಯವಸ್ಥೆಗೂ ಬಳಸಬಹುದು. ಪ್ರತಿಯೊಂದು ಕೆಲಸಕ್ಕೂ ಬೇರೆ ಬೇರೆ ಸಂವೇದಕಗಳನ್ನಿಟ್ಟರೆ ತಂತಿ, ತೂಕ, ಬೆಲೆ ಮೂರೂ ಹೆಚ್ಚುತ್ತವೆ. ಊರಿನಲ್ಲಿ ಒಮ್ಮೆ ಡಂಗುರ ಸಾರಿದರೆ ಎಲ್ಲರೂ ಕೇಳಿ, ತಮಗೆ ಬೇಕಾದ ಸುದ್ದಿಯನ್ನು ಹಿಡಿದುಕೊಳ್ಳುವುದಿಲ್ಲವೇ? ವಾಹನದೊಳಗೂ ಅಂಥದೇ ಏರ್ಪಾಡಿದೆ. ಅದರ ಹೆಸರು 'ಕ್ಯಾನ್'. ಇದನ್ನು 1986ರಲ್ಲಿ ಲೋಕಕ್ಕೆ ಪರಿಚಯಿಸಿದುದು ಜರ್ಮನಿಯ ಬಾಷ್ ಸಂಸ್ಥೆ. ಬೆಂಗಳೂರಿಗರು 'ಮೈಕೋ' ಎಂದು ಬಲ್ಲ ಕಂಪನಿಯು 2008ರಲ್ಲಿ ಪಡೆದುದು ಈ ಸಂಸ್ಥೆಯ ಹೆಸರನ್ನೇ.

ಹಂಚಿಕೊಳ್ಳುವ ಸಂವೇದಕಕ್ಕೆ ತಕ್ಕ ಸ್ಥಳವೂ ಬೇಕು. ಮುಂಗಾಜಿನ ಮೇಲ್ಭಾಗದಲ್ಲಿ, ಕನ್ನಡಿಯ ಹಿಂದೆ ಇರಿಸಿದ ಕ್ಯಾಮೆರಾಕ್ಕೆ ರಸ್ತೆ ದೂರದವರೆಗೆ ಕಾಣುತ್ತದೆ. ಎದುರಿನ ಗಾಜನ್ನು ವೈಪರ್ ಒರೆಸುತ್ತಿರುತ್ತದೆ. ಆದ್ದರಿಂದ ಆ ಒಂದೇ ಕ್ಯಾಮೆರಾ ರಸ್ತೆಯ ಗೆರೆಗಳನ್ನು ಗುರುತಿಸಬಲ್ಲದು. ಎದುರು ವಾಹನದ ಬೆಳಕನ್ನು ಕಂಡು ದೀಪ ತಗ್ಗಿಸಲೂ ನೆರವಾಗಬಲ್ಲದು. ಚಕ್ರದ ಸಂವೇದಕಕ್ಕಾದರೋ ಕೆಸರು, ಧೂಳು, ಬಿಸಿ ತಪ್ಪಿದ್ದಲ್ಲ. ಅದನ್ನು ಭದ್ರವಾಗಿ ಮುಚ್ಚಿಯೇ ಇಡಬೇಕು.

ಆದರೆ ಒಂದನ್ನೇ ಹಲವರು ನಂಬಿದಾಗ ಅಪಾಯವೂ ಉಂಟು: ಅದು ಕೆಟ್ಟರೆ ಹಲವು ಕೆಲಸ ಕೆಡುತ್ತದೆ. ಆದಕಾರಣ ಚಕ್ರದ ಸಂವೇದಕ ಕೆಟ್ಟಾಗ ಎ.ಬಿ.ಎಸ್. ಹಿಂದೆ ಸರಿದು, ಎಚ್ಚರಿಕೆಯ ದೀಪ ಹೊತ್ತಿಕೊಳ್ಳುತ್ತದೆ. ಸಾಮಾನ್ಯ ಬ್ರೇಕು ಉಳಿದಿರುತ್ತದೆ. ವೇಗ ಹೆಚ್ಚಿಸುವ ಪೆಡಲಿನಲ್ಲಂತೂ ಒಂದೇ ಅಳತೆಗೆ ಎರಡು ಸಂವೇದಕಗಳನ್ನಿಡುತ್ತಾರೆ. ಎರಡರ ಮಾತು ಹೊಂದದಿದ್ದರೆ ಎಂಜಿನ್ನಿನ ಶಕ್ತಿಯನ್ನು ತಗ್ಗಿಸಲಾಗುತ್ತದೆ.

ಮಿತವ್ಯಯ ಒಳ್ಳೆಯ ಗುಣ. ಆದರೆ ಎಲ್ಲಿ ಒಂದು ಸಾಕು, ಎಲ್ಲಿ ಎರಡು ಬೇಕು ಎಂಬ ವಿವೇಕವಿದ್ದಾಗಲೇ ಅದು ಮನುಷ್ಯನ ಪ್ರಾಣಕ್ಕೆ ಹಿತವಾಗುತ್ತದೆ.