ಮೊದಲ ತುತ್ತು

ಅಂಗನವಾಡಿಯಲ್ಲಿ ತಾಯಂದಿರು ಸೇರಿದ್ದರು. ಒಬ್ಬ ತಾಯಿ ಕೇಳಿದಳು:

"ಟೀಚರ್, ನನ್ನ ಮಗೂಗೆ ಆರು ತಿಂಗಳು ತುಂಬಿತು. ಈಗ ಏನು ತಿನ್ನಿಸಲಿ?"

"ಎದೆಹಾಲು ಬಿಡಿಸಬೇಡ ತಂಗಿ. ಎರಡು ವರ್ಷದವರೆಗೂ ಕೊಡು. ಜೊತೆಗೆ ರಾಗಿ ಸರಿ ಶುರು ಮಾಡು. ಮೊದಲು ಎರಡು ಮೂರು ಚಮಚ ಸಾಕು. ಸರಿ ತೀರಾ ನೀರಾಗಬಾರದು. ಗಂಟೂ ಇರಬಾರದು."

ಒಬ್ಬ ಅಜ್ಜಿ ಹೇಳಿದರು: "ನಾವು ಕಾಲ ಮೇಲೆ ಮಲಗಿಸಿ ಒಳಲೇಲಿ ಹುಯ್ತಿದ್ವಿ. ನಮ್ಮ ಮಕ್ಕಳು ಬೆಳೀಲಿಲ್ವೇ?"

"ಬೆಳೆದರು ಅಜ್ಜಿ. ಆದರೆ ಅನ್ನದ ದಾರಿ, ಉಸಿರಿನ ದಾರಿ ಎರಡೂ ಗಂಟಲಲ್ಲೇ ಇವೆ. ಮಲಗಿದ ಮಗು ಅಳುತ್ತಾ ಉಸಿರು ಎಳೆದರೆ ಸರಿ ಉಸಿರಿನ ದಾರಿಗೆ ಹೋಗಬಹುದು. ಆಗ ಉಸಿರು ಕಟ್ಟುತ್ತದೆ. ಮಗುವಿನ ಜೀವಕ್ಕೇ ಅಪಾಯ."

"ಹಾಗಾದ್ರೆ ಕೂರಿಸಿಕೊಂಡೇ ಕೊಡಬೇಕು ಅನ್ನಿ!" ಎಂದರು ಅಜ್ಜಿ.

ಇವು ನೆನಪಿರಲಿ

1. ಮಗುವನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಳ್ಳಿ. ಚಮಚದಲ್ಲಿ ಸ್ವಲ್ಪ ಸ್ವಲ್ಪ ಕೊಡಿ. ನುಂಗಿದ ಮೇಲೆ ಇನ್ನೊಂದು ತುತ್ತು.

2. ಅಳುವಾಗ, ನಗುವಾಗ ತಿನ್ನಿಸಬೇಡಿ. ಬಾಯಿ ಬಿಡದಿದ್ದರೆ ಬಲವಂತ ಬೇಡ.

3. ಅನ್ನ, ಬೇಳೆ, ತರಕಾರಿ ಮೆತ್ತಗೆ ಬೇಯಿಸಿ ಕಿವುಚಿ. ಬಾಳೆಹಣ್ಣನ್ನೂ ಕಿವುಚಿ.

4. ಐದು ವರ್ಷದವರೆಗೆ ಇಡೀ ಕಡಲೆಕಾಯಿ ಬೀಜ, ಹುರಿಗಡಲೆ ಕೊಡಬೇಡಿ. ನುಣ್ಣಗೆ ಪುಡಿ ಮಾಡಿ ಸರಿಗೆ ಬೆರೆಸಬಹುದು.

5. ಒಂದು ವರ್ಷ ತುಂಬುವವರೆಗೆ ಜೇನುತುಪ್ಪ ನೆಕ್ಕಿಸಬೇಡಿ. ಜೇನಿನಲ್ಲಿ ಇರಬಹುದಾದ ಒಂದು ರೋಗಾಣು ಕೂಸಿನ ಹೊಟ್ಟೆಯಲ್ಲಿ ವಿಷ ಮಾಡಬಹುದು.

6. ಸೋಪು ಹಚ್ಚಿ ಕೈ ತೊಳೆಯಿರಿ. ಬಟ್ಟಲು, ಚಮಚ ಚೊಕ್ಕಟವಾಗಿರಲಿ.

ಗಂಟಲಲ್ಲಿ ಸಿಕ್ಕಿಕೊಂಡರೆ?

ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಪಕ್ಕದಲ್ಲೇ ಇರಿ. ದನಿ ಬರದಿದ್ದರೆ, ಉಸಿರಾಡದಿದ್ದರೆ ತಡ ಮಾಡಬೇಡಿ. ಒಬ್ಬರು 108ಕ್ಕೆ ಫೋನ್ ಮಾಡಲಿ. ಇನ್ನೊಬ್ಬರು ಹೀಗೆ ಮಾಡಲಿ:

ಒಂದು ವರ್ಷದೊಳಗಿನ ಕೂಸನ್ನು ಮುಂಗೈ ಮೇಲೆ ಬೋರಲು ಮಲಗಿಸಿ. ದವಡೆ ಹಿಡಿದುಕೊಳ್ಳಿ. ತಲೆ ತಗ್ಗಿರಲಿ. ಬೆನ್ನಿನ ಮೇಲ್ಭಾಗದಲ್ಲಿ, ಎರಡು ಹೆಗಲಿನ ನಡುವೆ, ಅಂಗೈ ಬುಡದಿಂದ 5 ಸಲ ತಟ್ಟಿ. ಮೆಲ್ಲಗೆ ತಟ್ಟಿದರೆ ಸಾಲದು. ಬರದಿದ್ದರೆ ಅಂಗಾತ ತಿರುಗಿಸಿ. ಎದೆಯ ನಡುವೆ ಅಂಗೈ ಬುಡದಿಂದ 5 ಸಲ ಒತ್ತಿ. ತುತ್ತು ಹೊರಬರುವವರೆಗೆ ಹೀಗೇ ತಟ್ಟಿ, ಒತ್ತಿ. ಕಾಣದ ತುತ್ತಿಗೆ ಬೆರಳು ಹಾಕಬೇಡಿ. ಅದು ಇನ್ನೂ ಒಳಗೆ ಹೋಗುತ್ತದೆ. ಹೊರಬಂದ ಮೇಲೂ ಡಾಕ್ಟರಿಗೆ ತೋರಿಸಿ.

ಇದನ್ನು ನರ್ಸಮ್ಮನ ಹತ್ತಿರ ಮೊದಲೇ ಕಲಿತುಕೊಳ್ಳಿ. ಮನೆಯವರಿಗೂ ಕಲಿಸಿ.

ಉತ್ತರ ಬರೆಯಿರಿ

1. ಮಗುವನ್ನು ಮಲಗಿಸಿ ಏಕೆ ತಿನ್ನಿಸಬಾರದು?
2. ಕಡಲೆಕಾಯಿ ಬೀಜವನ್ನು ಮಗುವಿಗೆ ಹೇಗೆ ಕೊಡಬೇಕು?
3. ನಿಮ್ಮ ಮನೆಯಲ್ಲಿ ಮಗುವಿಗೆ ತಿನ್ನಿಸುವವರು ಯಾರು ಯಾರು? ಅವರಿಗೆ ಈ ಪಾಠ ಓದಿ ಹೇಳಿ.